ಹಾಡು ಕೇಳಲು ತಿಂಗಳಿಗೆ ಇಷ್ಟು ಅಂತ ದುಡ್ಡು: ಕೊಡಬೇಕೇ? ಕೊಟ್ಟರೆ ಯಾರಿಗೆ ಸೇರುತ್ತದೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಅಮ್ಮನಿಗೆ ಈಗ 71. ಮಂಡಿ ನೋವು, ಹೊರಗೆ ಓಡಾಟ ಕಡಿಮೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಭಾವಗೀತೆ, ಸಂಜೆ ದೀಪ ಹಚ್ಚಿದ ಮೇಲೆ ದಾಸರ ಪದ. ಹಾಡಿಲ್ಲದೆ ಅವರ ದಿನ ಸಾಗುವುದಿಲ್ಲ.

ಅಮ್ಮನಿಗೆಂದೇ ಒಂದು ಆ್ಯಪ್‌ನಲ್ಲಿ ಪಟ್ಟಿ ಮಾಡಿದ್ದೆ. 430 ಹಾಡು. ಒಂದೊಂದನ್ನೂ ಅಮ್ಮ ಗುನುಗಿ ತೋರಿಸಿ, ನಾನು ಹುಡುಕಿ ಸೇರಿಸಿದ್ದು. ಮೊದಲು ನಡುನಡುವೆ ಜಾಹೀರಾತು ಬರುತ್ತಿತ್ತು, ಹಾಡು ಪುಕ್ಕಟೆ. ಆಮೇಲೆ ಚಂದಾ ಕಟ್ಟಿದರಷ್ಟೇ ಹಾಡು ಎಂದರು. ವರ್ಷದ ಚಂದಾ ಕಟ್ಟಿದೆ. ವರ್ಷ ಮುಗಿಯುವ ಮೊದಲೇ ಆ್ಯಪ್ ಮುಚ್ಚುತ್ತಿದ್ದೇವೆ ಎಂದು ಮೆಸೇಜ್ ಬಂತು. ಪಟ್ಟಿ ಹೋಯಿತು. ಅಮ್ಮ "ಹೋಗಲಿ ಬಿಡು" ಎಂದರು. ಆದರೆ ಮೂರು ದಿನ ಅಡುಗೆಮನೆಯಲ್ಲಿ ಹಾಡಿರಲಿಲ್ಲ.

ಈಗ ಬೇರೆ ಕಡೆ ಮತ್ತೆ ದುಡ್ಡು ಕಟ್ಟಬೇಕು. ಕಟ್ಟಲು ಬೇಜಾರಿಲ್ಲ. ಆದರೆ ಎರಡು ವಿಷಯ ತಿಳಿಯಬೇಕು. ಪುಕ್ಕಟೆ ಕೊಡುತ್ತಿದ್ದವರೆಲ್ಲ ಇದ್ದಕ್ಕಿದ್ದಂತೆ ಯಾಕೆ ದುಡ್ಡು ಕೇಳುತ್ತಿದ್ದಾರೆ? ಮತ್ತೆ, ಅಮ್ಮ ದಿನವಿಡೀ ಕೇಳುವ ಆ ಹಾಡುಗಾರರಿಗೆ ನಾನು ಕೊಟ್ಟ ದುಡ್ಡು ಹೋಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಹಳೇ ಜಾಹೀರಾತಿನವ:
ಅಕ್ಕ, ಮೊದಲನೇ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಜಾಹೀರಾತು ಮಾರುವ ಕೆಲಸ ಮಾಡಿದವನು. ಮೊದಲು ಎಫ್‌ಎಂ, ಆಮೇಲೆ ಆ್ಯಪ್‌ಗಳಿಗೆ.

ನಿಜ ಹೇಳಬೇಕೆಂದರೆ, ನಾವು ಪುಕ್ಕಟೆ ಕೇಳಿದ ಹಾಡಿಗೆ ಜಾಹೀರಾತು ಯಾವತ್ತೂ ಪೂರ್ತಿ ದುಡ್ಡು ಕಟ್ಟಲೇ ಇಲ್ಲ. ಕಟ್ಟಿದ್ದು ಬಂಡವಾಳ ಹೂಡಿದವರು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತಲ್ಲ, ಆಮೇಲೆ ಎಲ್ಲರಿಗೂ ಒಂದೇ ಗುರಿ: ಮೊದಲು ಜನ ಸೇರಲಿ, ದುಡ್ಡು ಆಮೇಲೆ ನೋಡೋಣ. ಗಾನಾ ಟೈಮ್ಸ್ ಬಳಗದ ಹಾಡಿನ ಆ್ಯಪ್, 2010ರಲ್ಲಿ ಶುರುವಾದದ್ದು. 2018ರಲ್ಲಿ ಚೀನಾದ ಟೆನ್ಸೆಂಟ್ ಮುಂದಾಳತ್ವದಲ್ಲಿ 11.5 ಕೋಟಿ ಡಾಲರ್ ಬಂತು. ಒಂದು ಕಾಲಕ್ಕೆ ತಿಂಗಳಿಗೆ 15 ಕೋಟಿ ಜನ ಕೇಳುತ್ತಾರೆ ಎಂದು ಹೇಳಿಕೊಂಡಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಪುಕ್ಕಟೆ ನಿಲ್ಲಿಸಿ ಚಂದಾ ಮಾತ್ರ ಎಂದರು. 2023ರ ಕೊನೆಗೆ ಅದೇ ಟೈಮ್ಸ್ ಬಳಗದ, ರೇಡಿಯೋ ಮಿರ್ಚಿ ನಡೆಸುವ ಕಂಪನಿ ಅದನ್ನು ಕೊಂಡಿತು. ಎಷ್ಟಕ್ಕೆ ಗೊತ್ತೇ? 25 ಲಕ್ಷ ರೂಪಾಯಿಗೆ. ಕೋಟಿ ಅಲ್ಲ, ಲಕ್ಷ. ಆ ಸುದ್ದಿ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಏರಿಯಾದಲ್ಲಿ ಆ ದುಡ್ಡಿಗೆ ಒಂದು 30/40 ಸೈಟ್ ಸಿಗುವುದಿಲ್ಲ.

ಜಾಹೀರಾತು ಯಾಕೆ ಸಾಲುವುದಿಲ್ಲ ಎಂದರೆ, ಹಾಡು ಕೇಳುವಾಗ ಫೋನ್ ಜೇಬಿನಲ್ಲಿರುತ್ತದೆ. ಚಿತ್ರದ ಜಾಹೀರಾತು ಹಾಕಿದರೆ ಯಾರೂ ನೋಡುವುದಿಲ್ಲ. ಉಳಿದದ್ದು ದನಿ ಜಾಹೀರಾತು. ಅದನ್ನು ಮೂರು ಹಾಡಿಗೊಮ್ಮೆ ಹಾಕಿದರೆ ಜನ ಆ್ಯಪ್ ಬಿಟ್ಟು ಹೋಗುತ್ತಾರೆ, ಹತ್ತು ಹಾಡಿಗೊಮ್ಮೆ ಹಾಕಿದರೆ ದುಡ್ಡು ಹುಟ್ಟುವುದಿಲ್ಲ. ಇನ್ನು ಸಾಗರದಲ್ಲೋ ಸಿಂಧನೂರಲ್ಲೋ ಬಟ್ಟೆ ಅಂಗಡಿ ಇಟ್ಟವರನ್ನು ಕೇಳಿ. ಅವರು ಫ್ಲೆಕ್ಸ್ ಹಾಕಿಸುತ್ತಾರೆ, ಪೇಪರ್‌ನಲ್ಲಿ ಪಾಂಪ್ಲೆಟ್ ಇಡಿಸುತ್ತಾರೆ. ಆ್ಯಪ್‌ಗೆ ಬರುವುದಿಲ್ಲ. ದೊಡ್ಡ ಕಂಪನಿಗಳಿಗೆ ದೊಡ್ಡ ಊರಿನ ಕೇಳುಗರೇ ಬೇಕು. ಕನ್ನಡ ಹಾಡಿನ ನಡುವೆ ಜಾಗ ಮಾರಲು ನಾನು ಪಟ್ಟ ಪಾಡು ನನಗೇ ಗೊತ್ತು.

ಖರ್ಚು ಮಾತ್ರ ಪ್ರತಿ ಸಲ ಹಾಡು ಕೇಳಿದಾಗಲೂ ಆಗುತ್ತದೆ. ಆಡಿಯೋ ಕಂಪನಿಗಳು ಇಷ್ಟು ದುಡ್ಡು ಗ್ಯಾರಂಟಿ ಎಂದು ಮುಂಗಡವಾಗಿಯೇ ಕೇಳುವುದೂ ಇದೆ. ಜನ ಜಾಸ್ತಿ ಆದಷ್ಟೂ ನಷ್ಟ ಜಾಸ್ತಿ. ಹೂಡಿಕೆ ನಿಂತ ದಿನ ಇದು ಬಯಲಾಯಿತು. ರೆಸ್ಸೋ ಎಂಬ ಹಾಡಿನ ಆ್ಯಪ್ 2023ರ ಮೇ ತಿಂಗಳಲ್ಲಿ ಚಂದಾ ಮಾತ್ರ ಎಂದಿತು, 2024ರ ಜನವರಿ 31ಕ್ಕೆ ಇಲ್ಲಿ ಬಾಗಿಲು ಹಾಕಿತು. ಏರ್‌ಟೆಲ್‌ನ ವಿಂಕ್ ಕೂಡ 2024ರಲ್ಲೇ ಮುಚ್ಚುವುದಾಗಿ ಹೇಳಿತು. ಸ್ಪಾಟಿಫೈ ಪುಕ್ಕಟೆ ಇಟ್ಟುಕೊಂಡಿದೆ, ಆದರೆ 2023ರ ಅಕ್ಟೋಬರ್‌ನಿಂದ ಇಲ್ಲಿನ ಪುಕ್ಕಟೆ ಕೇಳುಗರಿಗೆ ಕೈಕಟ್ಟು ಹಾಕಿತು. ಆಗ ಬೇಕಾದ ಹಾಡನ್ನು ಸಾಲಾಗಿ ಕೇಳುವಂತಿರಲಿಲ್ಲ, ಹಾಡನ್ನು ಹಿಂದೆ ಮುಂದೆ ಸರಿಸುವಂತಿರಲಿಲ್ಲ.

ಹಾಗಾಗಿ ದುಡ್ಡು ಕೇಳುವುದು ತಪ್ಪು ಎಂದು ನಾನು ಹೇಳಲಾರೆ. ಇಷ್ಟು ತಡವಾಗಿ ಕೇಳಿದ್ದೇ ತಪ್ಪು.

ಘಟ್ಟದ ಚಾಲಕ:
ಸರ್ ಹೇಳಿದ್ದು ಸರಿ ಇರಬಹುದು. ಆದರೆ ನಾನು ಟ್ಯಾಕ್ಸಿ ಓಡಿಸುವವನು. ತಿಂಗಳ ಲೆಕ್ಕ ನಮಗೆ ಆಗಿಬರುವುದಿಲ್ಲ. ಡೀಸೆಲ್, ಕಂತು, ಮಕ್ಕಳ ಫೀಸು ಹೋದ ಮೇಲೆ ಕೈಯಲ್ಲಿ ಎಷ್ಟಿರುತ್ತದೋ ಆ ದಿನಕ್ಕೇ ಗೊತ್ತಾಗುವುದು. ಸ್ಪಾಟಿಫೈನಲ್ಲಿ ದಿನಕ್ಕೆ 7 ರೂಪಾಯಿಯ ಪ್ಲಾನ್ ಬಂದಾಗ ನನಗೆ ಅದು ಸರಿ ಹೊಂದಿತ್ತು. ಧರ್ಮಸ್ಥಳದ ಬಾಡಿಗೆ ಸಿಕ್ಕ ದಿನ 7 ರೂಪಾಯಿ ಹಾಕುತ್ತಿದ್ದೆ, ಚಾರ್ಮಾಡಿ ಹತ್ತುವ ಮೊದಲೇ ಹಾಡು ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದೆ. ಘಟ್ಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ನೋಡಿ. ಬಾಡಿಗೆ ಇಲ್ಲದ ದಿನ ಹಾಡೂ ಬೇಡ, ದುಡ್ಡೂ ಬೇಡ. ಶಾಂಪೂ ಸ್ಯಾಚೆ ಇದ್ದ ಹಾಗೆ. ನಮ್ಮಂಥವರಿಗೆ ದುಡ್ಡು ಕೊಡುವ ಮನಸ್ಸಿಲ್ಲ ಎಂದಲ್ಲ. ಕೂಲಿ ಬರುವ ರೀತಿಯಲ್ಲೇ ಕೊಡಲು ದಾರಿ ಬೇಕು, ಅಷ್ಟೇ.

ಹಾಸ್ಟೆಲ್ ರೂಮ್ 14:
ನಾವು ಐದು ಜನ ಸೇರಿ ಒಂದು ಫ್ಯಾಮಿಲಿ ಪ್ಲಾನ್ ತೆಗೆದುಕೊಂಡಿದ್ದೇವೆ. ಒಬ್ಬೊಬ್ಬರಿಗೆ ಚಹಾ ದುಡ್ಡಿನಷ್ಟು ಬೀಳುತ್ತದೆ. ಅದೂ ಆಗದವರು ಟೆಲಿಗ್ರಾಂನಿಂದ ಕ್ರ್ಯಾಕ್ ಮಾಡಿದ ಆ್ಯಪ್ ಹಾಕಿಕೊಳ್ಳುತ್ತಾರೆ. ಜಾಹೀರಾತೂ ಇಲ್ಲ, ದುಡ್ಡೂ ಇಲ್ಲ. ನಾನೂ ಮೊದಲ ವರ್ಷ ಅದನ್ನೇ ಬಳಸಿದೆ.

ಧಾರವಾಡದ ದನಿ:
ತಮ್ಮಾ, ಹೇಳಿಕೊಂಡೆಯಲ್ಲ, ಅದಕ್ಕೆ ಬೈಯುವುದಿಲ್ಲ. ಆದರೆ ಆ ಕ್ರ್ಯಾಕ್ ಆ್ಯಪ್‌ನಲ್ಲಿ ಕೇಳಿದ ಹಾಡಿಗೆ ಹಾಡಿದವರಿಗೆ ನಯಾಪೈಸೆ ಬರುವುದಿಲ್ಲ. ಜಾಹೀರಾತಿನ ಪಾಲೂ ಇಲ್ಲ, ಚಂದಾದ ಪಾಲೂ ಇಲ್ಲ.

ತುಂಗಾತೀರ ಅಕ್ಕನ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡಬೇಕು. ನಾನು ಹಾಡುವವಳು. ಸುಗಮ ಸಂಗೀತ, ವಚನ, ಸ್ವಲ್ಪ ತತ್ವಪದ. ಯಾವ ಆಡಿಯೋ ಕಂಪನಿಯೂ ಬೆನ್ನಿಗಿಲ್ಲ. ಸ್ವಂತ ದುಡ್ಡಿನಲ್ಲಿ ಹನ್ನೊಂದು ಹಾಡು ರೆಕಾರ್ಡ್ ಮಾಡಿಸಿದೆ. ತಬಲಾ, ಕೊಳಲು, ಸ್ಟುಡಿಯೋ ಬಾಡಿಗೆ ಎಲ್ಲ ಸೇರಿ ಮನೆಯ ಬಳೆ ಅಡ ಇಡುವ ಹೊತ್ತು ಬಂದಿತ್ತು.

ಈಗ ಲೆಕ್ಕ ನೋಡಿ. ಸ್ಪಾಟಿಫೈ 2019ರಲ್ಲಿ ಇಲ್ಲಿ ಬಂದಾಗ ತಿಂಗಳಿಗೆ 119 ರೂಪಾಯಿ ಇತ್ತು. ಅದನ್ನೇ ಇಟ್ಟುಕೊಳ್ಳೋಣ. 18% ಜಿಎಸ್‌ಟಿ ಕಳೆದರೆ ಸುಮಾರು 101. ಬಂದದ್ದರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಹಕ್ಕುದಾರರಿಗೆ ಕೊಡುತ್ತೇವೆ ಎಂದು ಅವರೇ ಹೇಳುತ್ತಾರೆ. ಅಂದರೆ 67 ರೂಪಾಯಿ. ಅಕ್ಕನ ಅಮ್ಮ ತಿಂಗಳಿಡೀ ಬರೀ ಭಾವಗೀತೆ ಕೇಳಿದರು ಎಂದುಕೊಳ್ಳಿ. ಆ 67 ಭಾವಗೀತೆ ಹಾಡಿದವರಿಗೆ ಹೋಗುತ್ತದೆ ಎಂದು ನೀವು ನಂಬಿರುತ್ತೀರಿ, ಅಲ್ವಾ? ಹೋಗುವುದಿಲ್ಲ. ದೇಶದ ಎಲ್ಲರ ದುಡ್ಡೂ ಒಂದೇ ಹಂಡೆಗೆ ಬೀಳುತ್ತದೆ. ಆ ತಿಂಗಳು ಒಟ್ಟು ಎಷ್ಟು ಸಲ ಹಾಡು ಕೇಳಿದ್ದಾರೆ, ಅದರಲ್ಲಿ ಯಾರ ಹಾಡು ಎಷ್ಟು ಪಾಲು ಎಂದು ನೋಡಿ ಹಂಚುತ್ತಾರೆ. ದಿನಕ್ಕೆ ಹದಿನಾಲ್ಕು ಗಂಟೆ ಹಾಡು ಹಾಕಿಟ್ಟಿರುವ ಹುಡುಗನ ಕೇಳುವಿಕೆಗೆ ತೂಕ ಜಾಸ್ತಿ. ದಿನಕ್ಕೆ ಒಂದು ಗಂಟೆ ಮನಸ್ಸಿಟ್ಟು ಕೇಳುವ ಅಮ್ಮನದು ಕಡಿಮೆ. ಅಮ್ಮನ ದುಡ್ಡಿನ ದೊಡ್ಡ ಭಾಗ ಅವರು ಒಮ್ಮೆಯೂ ಕೇಳದ ಹಿಂದಿ ಸಿನಿಮಾ ಹಾಡಿಗೆ ಹೋಗಿರುತ್ತದೆ.

ಇನ್ನೊಂದು ಇದೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದಿದ್ದರೆ ಆ ಹಾಡಿಗೆ ದುಡ್ಡೇ ಇಲ್ಲ. ನನ್ನ ಹನ್ನೊಂದರಲ್ಲಿ ಏಳು ಹಾಡು ಆ ಗೆರೆ ದಾಟಿಲ್ಲ. ಅದರಲ್ಲಿ ಒಂದು ತತ್ವಪದ ನನ್ನ ಅಜ್ಜಿಯಿಂದ ಕಲಿತದ್ದು. 640 ಸಲ ಕೇಳಿದ್ದಾರೆ. 640 ಸಲ ಎಂದರೆ ನನಗೆ ಅದು ಸಣ್ಣ ವಿಷಯವಲ್ಲ.

ಬೇರೆ ದಾರಿ ಇಲ್ಲವೇ ಎಂದರೆ ಇದೆ. ಸೌಂಡ್‌ಕ್ಲೌಡ್ ಎಂಬ ಹಾಡಿನ ಆ್ಯಪ್ 2021ರಲ್ಲೇ ಕೇಳುಗರ ದುಡ್ಡನ್ನು ಅವರು ಕೇಳಿದ ಕಲಾವಿದರಿಗೇ ಹಂಚುವ ಕ್ರಮ ತಂದಿತು. ಇಲ್ಲಿಯೂ ಹಾಗೆ ಆಗಲಿ ಎಂಬುದು ನನ್ನ ಬೇಡಿಕೆ. ಚಂದಾ ಬೇಡ ಎಂದಲ್ಲ. ಚಂದಾ ಬರಲಿ, ಅಮ್ಮನ ದುಡ್ಡು ಅಮ್ಮನ ಹಾಡಿಗೆ ಹೋಗಲಿ.

ಹಳೇ ಜಾಹೀರಾತಿನವ:
ಮೇಡಂ, ಇದನ್ನು ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಒಂದು ಸೇರಿಸುತ್ತೇನೆ. ಪುಕ್ಕಟೆ ಕೇಳುಗರಿಂದ ಬರುವ ಹಂಡೆ ಇನ್ನೂ ಚಿಕ್ಕದು. ಸ್ಪಾಟಿಫೈನ ಜಗತ್ತಿನ ಲೆಕ್ಕವನ್ನೇ ನೋಡಿ. ದುಡ್ಡು ಕಟ್ಟುವವರು ಅರ್ಧಕ್ಕಿಂತ ಕಡಿಮೆ, ಆದರೆ ಆದಾಯದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಅವರಿಂದಲೇ. ನಮ್ಮ ದೇಶದಲ್ಲಿ ಎಲ್ಲ ಆ್ಯಪ್ ಸೇರಿಸಿದರೂ 2024ರಲ್ಲಿ ಕಟ್ಟುವವರಿದ್ದದ್ದು ಸುಮಾರು ಒಂದು ಕೋಟಿ. ಕೇಳುವವರು ಅದರ ಹತ್ತಾರು ಪಟ್ಟು.

ಗದಗ ಹಾಡಿನಂಗಡಿ:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ ರೀ. ಜಾಹೀರಾತಿನಿಂದ ಏನೂ ಆಗಿಲ್ಲ ಎಂದು ಎಲ್ಲರೂ ಬರೆಯುತ್ತಿದ್ದೀರಿ. ಅದು ಪೂರ್ತಿ ಖರೆ ಅಲ್ಲ.

ನನ್ನದು ಕ್ಯಾಸೆಟ್ ಅಂಗಡಿ ಇತ್ತು. ಆಮೇಲೆ ಸೀಡಿ. ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುವ ಕೆಲಸ. ಸಂತೆ ದಿನ ಹಳ್ಳಿಯವರು ಸಾಲಾಗಿ ನಿಲ್ಲುತ್ತಿದ್ದರು. "ಟ್ರ್ಯಾಕ್ಟರ್‌ಗೆ ಬೇಕ್ರಿ, ಜಾನಪದ ತುಂಬ್ರಿ" ಎನ್ನುತ್ತಿದ್ದರು. ನಾನು ದುಡ್ಡು ಇಸಿದುಕೊಳ್ಳುತ್ತಿದ್ದೆ, ಹಾಡಿದವರಿಗೆ ಒಂದು ರೂಪಾಯಿ ಕಳಿಸಿದವನಲ್ಲ. ಆಗ ಅದು ತಪ್ಪು ಎಂದು ಅನ್ನಿಸಲೇ ಇಲ್ಲ. ಈಗ ಅನ್ನಿಸುತ್ತದೆ.

ಆದರೆ ಇವತ್ತು ನಮ್ಮ ಭಾಗದ ಜಾನಪದ ಹಾಡು ಎಲ್ಲಿದೆ ನೋಡಿ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಸುತ್ತ ಸಣ್ಣ ಸಣ್ಣ ಸ್ಟುಡಿಯೋಗಳಿವೆ. ಒಂದು ಕೋಣೆ, ಒಂದು ಮೈಕು, ಒಂದು ಕೀಬೋರ್ಡು. ವಾರಕ್ಕೊಂದು ಹಾಡು ಮಾಡಿ ಯೂಟ್ಯೂಬ್‌ಗೆ ಹಾಕುತ್ತಾರೆ. ಅಲ್ಲಿ 2018ರಿಂದ ಇರುವ ನಿಯಮ 1,000 ಸಬ್‌ಸ್ಕ್ರೈಬರ್ (ಇವರು ದುಡ್ಡು ಕಟ್ಟಬೇಕಿಲ್ಲ), ವರ್ಷಕ್ಕೆ 4,000 ಗಂಟೆ ನೋಡಿಕೆ. ಅದಾದ ಮೇಲೆ ವಿಡಿಯೋ ಜಾಹೀರಾತಿನ ದುಡ್ಡಿನಲ್ಲಿ 55% ಚಾನೆಲ್‌ನವರಿಗೆ. ಆ ದುಡ್ಡಿನಲ್ಲಿ ಬೈಕ್ ಕೊಂಡ ಹುಡುಗರು ನನಗೆ ಗೊತ್ತು. ಹಾಡು ಓಡಿದರೆ ಜಾತ್ರೆಗೆ ಕರೆ ಬರುತ್ತದೆ, ಆರ್ಕೆಸ್ಟ್ರಾಕ್ಕೆ ಕರೆ ಬರುತ್ತದೆ. ಅವರಿಗೆ ಅನ್ನ ಕೊಟ್ಟದ್ದು ಜಾಹೀರಾತೇ. ಕೇಳುವವರು ಕಬ್ಬು ಕಡಿಯುವವರು, ಲಾರಿಯವರು, ಗೌಂಡಿ ಕೆಲಸದವರು. ನಾಳೆ ಎಲ್ಲದಕ್ಕೂ ಬಾಗಿಲು ಹಾಕಿ, ಚಂದಾ ಕಟ್ಟಿದವರು ಒಳಗೆ ಬನ್ನಿ ಎಂದರೆ ಈ ಹಾಡಿಗೆ ಕೇಳುಗರೇ ಇರುವುದಿಲ್ಲ.

ಅದಕ್ಕೆ ನನ್ನ ಮಾತು ಇಷ್ಟು. ಪಟ್ಟಿ ಮಾಡಿ, ಸಾಲಾಗಿ, ಅಡೆತಡೆ ಇಲ್ಲದೆ ಕೇಳುವವರಿಂದ ದುಡ್ಡು ತೆಗೆದುಕೊಳ್ಳಲಿ. ಆದರೆ ಹಾಡು ಕೇಳುವ ಒಂದು ಪುಕ್ಕಟೆ ಬಾಗಿಲು ಇರಲೇಬೇಕು.

ಧಾರವಾಡದ ದನಿ:
ಅಣ್ಣಾವ್ರ, ಒಪ್ಪಿದೆ. ನನ್ನ ಬರಹದಲ್ಲಿ ಆ ಭಾಗವೇ ಬಿಟ್ಟುಹೋಗಿತ್ತು. ನನ್ನ ಹಾಡಿಗೂ ಮೊದಲ ಕೇಳುಗರು ಪುಕ್ಕಟೆ ಬಾಗಿಲಿನಿಂದಲೇ ಬಂದರು.

ಎಡಿಸನ್ ಕನ್ನಡತಿ:
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಚಂದಾ ಹೊಸದಲ್ಲ. ಸ್ಪಾಟಿಫೈ 2011ರಲ್ಲಿ ಅಮೆರಿಕಕ್ಕೆ ಬಂದಾಗ 9.99 ಡಾಲರ್ ಇತ್ತು, ಹನ್ನೆರಡು ವರ್ಷ ಅಷ್ಟೇ ಇತ್ತು. 2023ರಲ್ಲಿ 10.99 ಆಯಿತು, ಮರುವರ್ಷ 11.99. ಒಮ್ಮೆ ಅಭ್ಯಾಸವಾದ ಮೇಲೆ ದರ ಏರುತ್ತದೆ. ಭಾರತದಲ್ಲಿಯೂ ಶುರುವಾಗಿದೆ. ಯೂಟ್ಯೂಬ್ ಪ್ರೀಮಿಯಂ 129 ರೂಪಾಯಿ ಇದ್ದದ್ದು 2024ರಲ್ಲಿ 149 ಆಯಿತಲ್ಲ.

ಆದರೆ ಧಾರವಾಡದ ಅಕ್ಕನಿಗೆ ಒಂದು ವಿಷಯ. ಹಂಡೆ ದೇಶ ದೇಶಕ್ಕೆ ಬೇರೆ. ಇಲ್ಲಿನ ಚಂದಾ ದೊಡ್ಡದು. ಆದ್ದರಿಂದ ಇಲ್ಲಿ ಕುಳಿತು ನಾನು ನಿಮ್ಮ ಹಾಡು ಒಮ್ಮೆ ಕೇಳಿದರೆ ಬರುವುದು ಅಲ್ಲಿ ಒಮ್ಮೆ ಕೇಳಿದ್ದಕ್ಕಿಂತ ಜಾಸ್ತಿ. ನಮ್ಮ ಕನ್ನಡ ಕೂಟದಲ್ಲಿ ಇದನ್ನು ಹೇಳಿದೆ. ವಾಟ್ಸಾಪ್‌ನಲ್ಲಿ ಎಂಪಿ3 ಕಳಿಸಿಕೊಳ್ಳುವ ಬದಲು ಆ್ಯಪ್‌ನ ಲಿಂಕ್ ಕಳಿಸೋಣ ಎಂದು ಕೆಲವರು ಒಪ್ಪಿದರು.

ಒಂದು ದೂರೂ ಇದೆ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಎಷ್ಟೋ ಹಳೆಯ ಹಾಡು ಸಿಗುವುದೇ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆದು ನೋಡಬೇಕು. ಭಾವಗೀತೆ ಎಂದರೆ ಕವಿಯ ಹಾಡು, ಆದರೆ ಕವಿಯ ಹೆಸರೇ ಇರುವುದಿಲ್ಲ. ನಮ್ಮ ದೇಶದಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಬಂದ ಮೇಲೆ ಹಾಡು ಬರೆದವರ ರಾಯಲ್ಟಿ ಹಕ್ಕಿಗೆ ಗಟ್ಟಿ ರಕ್ಷಣೆ ಸಿಕ್ಕಿದೆ. ಹೆಸರೇ ಇಲ್ಲದ ಕಡೆ ರಾಯಲ್ಟಿ ಯಾರಿಗೆ ಅಂತ ಹುಡುಕುತ್ತಾರೆ? ದುಡ್ಡು ಕಟ್ಟುವವರಾದ ನಾವು ಇದನ್ನು ಗಟ್ಟಿಯಾಗಿ ಕೇಳಬೇಕು.

ಬ್ಯಾಂಕ್ ಕೌಂಟರ್ 3:
ದುಡ್ಡು ಕಟ್ಟುವವರಿಗೆ ನನ್ನ ಕಡೆಯಿಂದ ಸ್ವಲ್ಪ ಉಪಯೋಗದ ಮಾತು. ಎಷ್ಟೋ ಹಿರಿಯರು ಪಾಸ್‌ಬುಕ್ ಹಿಡಿದು ಬಂದು "ಇದೇನು ತಿಂಗಳು ತಿಂಗಳು ಕಟ್ ಆಗ್ತಿದೆ" ಎಂದು ಕೇಳುತ್ತಾರೆ. ಆಟೋಪೇ ಹಾಕಿದ್ದು ಮರೆತಿರುತ್ತದೆ. ಆರ್‌ಬಿಐ ನಿಯಮ 2021ರ ಅಕ್ಟೋಬರ್‌ನಿಂದ ಬಿಗಿಯಾಗಿದೆ. ಕಾರ್ಡಿನಿಂದ ಹೀಗೆ ದುಡ್ಡು ಕಡಿಯುವ ಮೊದಲು ಕನಿಷ್ಠ 24 ಗಂಟೆ ಮುಂಚೆ ನಿಮಗೆ ಮೆಸೇಜ್ ಬರಬೇಕು. ಆ ಮೆಸೇಜ್ ಓದಿ, ಬೇಡವಾದರೆ ಅಲ್ಲೇ ನಿಲ್ಲಿಸಬಹುದು. ಯುಪಿಐನಲ್ಲಿ ಹಾಕಿದ್ದರೆ ನಿಮ್ಮ ಯುಪಿಐ ಆ್ಯಪ್‌ನ ಆಟೋಪೇ ಭಾಗಕ್ಕೆ ಹೋಗಿ. ಯಾರಿಗೆಲ್ಲ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿ ಇರುತ್ತದೆ. ಫೋನಿನಿಂದ ಹಾಡಿನ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಇದನ್ನು ಎಲ್ಲರೂ ನೆನಪಿಡಿ.

ತುಂಗಾತೀರ ಮೇಡಂ, ನಿಮಗೆ ಆದದ್ದು ನೋಡಿದರೆ ಒಂದೇ ಸಲ ವರ್ಷದ ಚಂದಾ ಕಟ್ಟುವುದು ಬೇಡ. ಸ್ವಲ್ಪ ಜಾಸ್ತಿ ಆದರೂ ತಿಂಗಳ ಲೆಕ್ಕದಲ್ಲಿ ಕಟ್ಟಿ.

ಹಾಸ್ಟೆಲ್ ರೂಮ್ 14:
ಪಟ್ಟಿಯನ್ನೂ ಉಳಿಸಿಕೊಳ್ಳಬಹುದು ಅಕ್ಕ. ಯೂಟ್ಯೂಬ್ ಮ್ಯೂಸಿಕ್ ಬಳಸಿದರೆ ಗೂಗಲ್ ಟೇಕ್‌ಔಟ್‌ನಲ್ಲಿ ಹಾಡಿನ ಪಟ್ಟಿ ಇಳಿಸಿಕೊಳ್ಳಲು ಬರುತ್ತದೆ. ಸ್ಪಾಟಿಫೈನಲ್ಲಿ ಖಾತೆಯ ಮಾಹಿತಿ ಕೇಳಿದರೆ ಅದರೊಳಗೆ ಪಟ್ಟಿ ಬರುತ್ತದೆ. ಹಾಡು ಬರುವುದಿಲ್ಲ, ಹೆಸರು ಬರುತ್ತದೆ. ಆರು ತಿಂಗಳಿಗೊಮ್ಮೆ ಇಳಿಸಿ ಇಟ್ಟುಕೊಳ್ಳಿ. ಯಾಕೆಂದರೆ ಆ್ಯಪ್ ಇದ್ದರೂ ಹಾಡು ಹೋಗುವುದುಂಟು. 2023ರಲ್ಲಿ ಝೀ ಮ್ಯೂಸಿಕ್‌ಗೂ ಸ್ಪಾಟಿಫೈಗೂ ಒಪ್ಪಂದ ಆಗದೆ ಆ ಕಂಪನಿಯ ಹಾಡೆಲ್ಲ ಹೋಗಿದ್ದವು. ದುಡ್ಡು ಕಟ್ಟಿದವರಿಗೂ ಇರಲಿಲ್ಲ. ಧಾರವಾಡದ ಅಕ್ಕ, ನಿಮ್ಮ ಮಾತು ಓದಿದ ಮೇಲೆ ರೂಮಿನ ಇನ್ನಿಬ್ಬರಿಗೆ ಹೇಳಿ ಆ ಕ್ರ್ಯಾಕ್ ಆ್ಯಪ್ ತೆಗೆಸಿದೆ.

ಘಟ್ಟದ ಚಾಲಕ:
ಧಾರವಾಡದ ಅಕ್ಕ, ಆ 640 ಸಲದ ಹಾಡು ಯಾವುದು? ಲಿಂಕ್ ಕಳಿಸಿ. ದಿನಕ್ಕೆ ಎರಡು ಬಾಡಿಗೆ ಎಂದರೂ ಒಂದೊಂದು ಸಲ ಹಾಕಬಹುದು. ಪ್ರಯಾಣಿಕರೂ ಕೇಳುತ್ತಾರೆ.

ತುಂಗಾತೀರ:
ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ.

ರಾತ್ರಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಹಂಡೆಯ ಲೆಕ್ಕ ಕೇಳಿ ಅಮ್ಮ ಸುಮ್ನೆ ಕೂತರು. ಆಮೇಲೆ ಒಂದು ಮಾತು ಹೇಳಿದರು. ಅವರು ಚಿಕ್ಕವರಿದ್ದಾಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತಂತೆ. ತಾತ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟಾಂಪ್ ಹಾಕಿಸಿಕೊಂಡು ಬರುತ್ತಿದ್ದರಂತೆ. "ಹಾಡಿಗೆ ದುಡ್ಡು ಕೊಡೋದು ನಮಗೆ ಹೊಸದಲ್ಲ, ಕಟ್ಟು" ಎಂದರು.

ತಿಂಗಳ ಲೆಕ್ಕದಲ್ಲಿ ಕಟ್ಟಿದ್ದೇನೆ. ಪಟ್ಟಿಯನ್ನು ಈ ಸಲ ಮೊದಲು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೇವೆ. ಹಾಡಿನ ಮೊದಲ ಸಾಲು, ಕವಿ, ಹಾಡಿದವರು. ಅಮ್ಮ ಹೇಳುತ್ತಾರೆ, ನಾನು ಬರೆಯುತ್ತೇನೆ. 112 ಆಗಿದೆ. ಎಡಿಸನ್ ಅವರು ಹೇಳಿದ್ದು ನಿಜ. ಅದರಲ್ಲಿ 30ಕ್ಕೆ ಕವಿಯ ಹೆಸರು ಆ್ಯಪ್‌ನಲ್ಲಿ ಇಲ್ಲ, ಅಮ್ಮನಿಗೆ ಗೊತ್ತಿದೆ. ಅಷ್ಟನ್ನೂ ಬರೆದು ಆ್ಯಪ್‌ನವರ ಸಹಾಯ ವಿಭಾಗಕ್ಕೆ ಕಳಿಸುತ್ತೇನೆ.

ಧಾರವಾಡದ ದನಿ ಅವರೇ, ಲಿಂಕ್ ಇಲ್ಲೇ ಹಾಕಿ. 113ನೇದು ನಿಮ್ಮದು.

ಧಾರವಾಡದ ದನಿ:
ಹಾಕಿದ್ದೇನೆ ಅಕ್ಕ, ಕೆಳಗಿದೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಆ ಪದದ ಎರಡನೇ ನುಡಿ ನಮ್ಮ ಅಜ್ಜಿ ಹೇಳುತ್ತಿದ್ದ ಹಾಗೆ ಹಾಡಿದ್ದೇನೆ. ಅಮ್ಮನಿಗೆ ಬೇರೆ ಪಾಠ ಗೊತ್ತಿದ್ದರೆ ದಯವಿಟ್ಟು ಬರೆಯಿರಿ.